ಬೇರೆ ಸೋಪಿನ ವಾಸನೆ

ಜೂನ್ 9

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ಸುಖವಾಗಿ ಬಂದು ತಲುಪಿದೆ. ಹಾಸ್ಟೆಲಿನ ಕೋಣೆಯಲ್ಲಿ ಎರಡು ಮಂಚ, ಒಂದೇ ಕಿಟಕಿ. ಕಿಟಕಿ ಜೊತೆಯವಳಿಗೆ, ಫ್ಯಾನಿನ ಸ್ವಿಚ್ಚು ನನಗೆ ಎಂದು ಮೊದಲ ದಿನವೇ ರಾಜಿ ಮಾಡಿಕೊಂಡೆವು. ಇಷ್ಟು ವರ್ಷ ಕರಿಹಲಗೆಯ ಮುಂದೆ ನಿಂತು ವಿಜ್ಞಾನ ಹೇಳಿದವಳು ಈಗ ಬೆಂಚಿನ ಮೇಲೆ ಕೂತು ಬೈಸಿಕೊಳ್ಳುತ್ತಿದ್ದೇನೆ. ತರಬೇತಿ ಕೊಡುವ ನಮ್ಮ ಮೇಡಂ ಬಹಳ ಕಟ್ಟುನಿಟ್ಟು. ಪರಿಸರ ಆರೋಗ್ಯ ಎಂದರೆ ಗಿಡ ನೆಡುವುದು ಎಂದು ನೀವು ತಮಾಷೆ ಮಾಡಿದ್ದಿರಿ. ಇಲ್ಲಿ ಕಲಿಸುವುದು ಬೇರೆ: ಗಾಳಿ, ನೀರು, ಧೂಳು ನಮ್ಮ ಮೈಯೊಳಗೆ ಹೊಕ್ಕು ಏನು ಮಾಡುತ್ತವೆ ಎಂಬುದು.

ಒಂದು ಉಪಕಾರ ಆಗಬೇಕು. ನಮ್ಮ ನಮ್ಮ ಬೀದಿಯ ಧೂಳನ್ನು ಪರೀಕ್ಷೆ ಮಾಡಿ ವರದಿ ಬರೆಯಬೇಕೆಂದು ಮೇಡಂ ಹೇಳಿದ್ದಾರೆ. ಜೊತೆಗಿರುವ ಪೊಟ್ಟಣಗಳಲ್ಲಿ ಒದ್ದೆ ಬಟ್ಟೆಯ ತುಂಡುಗಳಿವೆ. ಕಿಟಕಿಯ ಕಟ್ಟೆ, ಹೊಸ್ತಿಲು, ನಿಮ್ಮ ಮುದ್ದಿನ ಮಗಳು ಗುಬ್ಬಚ್ಚಿ ಮಲಗುವ ಜಾಗ, ಈ ಮೂರನ್ನೂ ಬೇರೆ ಬೇರೆ ತುಂಡಿನಲ್ಲಿ ಒರೆಸಿ, ಮತ್ತೆ ಅದೇ ಪೊಟ್ಟಣದಲ್ಲಿ ಹಾಕಿ ಕಳಿಸಿ. ಗುಬ್ಬಚ್ಚಿಯನ್ನು ಕ್ಲಿನಿಕ್ಕಿನ ನರ್ಸಮ್ಮನ ಹತ್ತಿರ ಕರೆದುಕೊಂಡು ಹೋದರೆ ಅವರು ಸ್ವಲ್ಪ ರಕ್ತ ತೆಗೆದು ನನಗೆ ಕಳಿಸುತ್ತಾರೆ. ಅವಳ ಹೊಟ್ಟೆನೋವಿಗೂ ಒಂದು ಉತ್ತರ ಸಿಕ್ಕೀತು. ಬೀದಿಯ ಬೇರೆ ಮನೆಗಳಿಗೂ ನರ್ಸಮ್ಮನೇ ಹೋಗುತ್ತಾರೆ.

ಅಣ್ಣನಿಗೆ ಸದ್ಯ ಹೇಳುವುದು ಬೇಡ. ತಾನು ದುಡಿಯುವ ಕಾರ್ಖಾನೆಯ ಸುದ್ದಿ ಎತ್ತಿದರೆ ಅವನಿಗೆ ಊಟ ಸೇರುವುದಿಲ್ಲ ಎಂಬುದು ನಿಮಗೇ ಗೊತ್ತು.

ನಿಮ್ಮ ನಾದಿನಿ


ಜೂನ್ 21

ನಮ್ಮ ಮನೆಯ ಟೀಚರಮ್ಮನಿಗೆ,

ನೀನು ಹೇಳಿದಂತೆ ಒರೆಸಿ, ಪೊಟ್ಟಣಗಳನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅತ್ತೆ ಇದ್ದಾಗ ಬಾಗಿಲ ಸಂದಿಗೆ ಬೆರಳು ಹಾಕಿ ಧೂಳು ತೆಗೆದು ನನಗೆ ತೋರಿಸುತ್ತಿದ್ದರು. ಅವರು ಹೋದ ಮೇಲೆ ಆ ಬೆರಳು ನಿನಗೆ ಬಂದಿತೇ ಎಂದು ನಗು ಬಂತು. ಆಮೇಲೆ ನಗು ನಿಂತಿತು. ಹೊಲಿಗೆ ಮಿಷನ್ನಿನ ಮುಂದೆ ದಿನವಿಡೀ ಕೂತರೂ ಎರಡು ಹೊತ್ತು ಗುಡಿಸುತ್ತೇನೆ. ನಾಲ್ಕು ಜನ ಓದಿದವರ ಮುಂದೆ ನನ್ನ ಮನೆಯ ಕಸ ಹರಡುತ್ತೀಯೋ ಏನೋ.

ಗುಬ್ಬಚ್ಚಿ ರಕ್ತ ಕೊಡುವಾಗ ಅಳಲಿಲ್ಲ. ಹೊಟ್ಟೆನೋವು ಹಾಗೇ ಇದೆ. ಅಕ್ಷರ ನಿನ್ನೆ ಬಂದದ್ದು ಇವತ್ತು ಬರುವುದಿಲ್ಲ. ಕ್ಲಾಸಿನ ಟೀಚರು ‘ಹುಡುಗಿ ಸ್ವಲ್ಪ ಮಂದ’ ಎಂದರು. ನಮ್ಮ ವಂಶದಲ್ಲಿ ಯಾರೂ ಮಂದ ಇಲ್ಲ ಎಂದು ಹೇಳಿ ಬಂದೆ. ಕಾರಣ ಕಾರ್ಖಾನೆಯ ಆ ಹೊಗೆಕೊಳವೆಯೇ ಇರಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಜಾಗದ ಹೊಗೆ ಒಳ್ಳೆಯದು ಮಾಡೀತೇ?

ನಿನ್ನ ಅಣ್ಣನಿಗೆ ಹೇಳಿಲ್ಲ. ಆದರೆ ಗಂಡನಿಂದ ಮುಚ್ಚಿಡು ಎಂದು ಅವನ ತಂಗಿಯೇ ಹೇಳುವುದು ನನಗೆ ಹೊಸದು. ಫೋನು ಅವರ ಜೇಬಿನಲ್ಲೇ ಇರುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬೇಗ ಉತ್ತರ ಬರೆ.

ನಿನ್ನ ಅತ್ತಿಗೆ


ಜುಲೈ 30

ಪ್ರೀತಿಯ ಅತ್ತಿಗೆಗೆ,

ತಡವಾಯಿತು, ಕ್ಷಮಿಸಿ. ಪರೀಕ್ಷೆಯ ಯಂತ್ರದ ಮುಂದೆ ದೊಡ್ಡ ಸರದಿ. ನಮ್ಮ ಬೀದಿಯ ಮನೆಗಳದ್ದೆಲ್ಲ ಇನ್ನೂ ಮುಗಿದಿಲ್ಲ. ಪೂರ್ತಿ ಆಗುವವರೆಗೆ ಏನೂ ಹೇಳಬಾರದೆಂದು ಮೇಡಂ ಅಪ್ಪಣೆ.

ಅಲ್ಲಿಯವರೆಗೆ ಗುಬ್ಬಚ್ಚಿ ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಲಿ. ಒಣಪೊರಕೆ ಬೇಡ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಲು, ಮೊಟ್ಟೆ, ಸೊಪ್ಪು ಜಾಸ್ತಿ ಕೊಡಿ. ನರ್ಸಮ್ಮ ಹೇಳಿದ ಡಾಕ್ಟರನ್ನು ತಪ್ಪದೆ ನೋಡಿ.

ಅಣ್ಣ ಕೆಲಸದಿಂದ ಬಂದವನು ಬಟ್ಟೆ ಎಲ್ಲಿ ಬಿಚ್ಚಿಡುತ್ತಾನೆ? ಈಗಲೂ ಬಾಗಿಲ ಹಿಂದಿನ ಮೊಳೆಗೇ ನೇತುಹಾಕುತ್ತಾನೆಯೇ? ಸುಮ್ಮನೆ ಕೇಳಿದೆ.

ನಿಮ್ಮ ನಾದಿನಿ


ಆಗಸ್ಟ್ 8

ನಾದಿನಿಗೆ,

‘ಸುಮ್ಮನೆ ಕೇಳಿದೆ’ ಎಂದು ನೀನು ಬರೆದದ್ದು ಇದೇ ಮೊದಲು. ನಿನ್ನ ಜನ್ಮದಲ್ಲಿ ಸುಮ್ಮನೆ ಏನನ್ನೂ ಕೇಳಿದವಳಲ್ಲ. ಹೌದು, ಆ ಮೊಳೆಗೇ ಹಾಕುತ್ತಾರೆ. ಅದರ ಕೆಳಗೇ ಗುಬ್ಬಚ್ಚಿ ಮಲಗುವುದು. ಮನೆಯಲ್ಲಿ ಇರುವುದೇ ಒಂದೂವರೆ ಕೋಣೆ, ನಿನಗೆ ಗೊತ್ತಿಲ್ಲದ್ದೇ?

ಈಗ ನನ್ನ ಸುದ್ದಿ ಕೇಳು. ಕಾರ್ಖಾನೆಯ ಆಫೀಸಿಗೆ ಪರದೆ ಹೊಲಿಯಲು ನನ್ನನ್ನು ಕರೆದಿದ್ದರು. ಕಿಟಕಿಯ ಅಳತೆ ತೆಗೆಯುತ್ತಾ ಮ್ಯಾನೇಜರ್ ಕೋಣೆಗೆ ಹೋದೆ. ಗೋಡೆಯ ಮೇಲೆ ಒಂದು ದೊಡ್ಡ ಫೋಟೋ. ನಡುವೆ ಕಾರ್ಖಾನೆಯ ಯಜಮಾನರು, ಸುತ್ತ ಹತ್ತಾರು ಜನ, ಎಡಗಡೆ ತುದಿಯಲ್ಲಿ ನಾನೇ ಹೊಲಿದುಕೊಟ್ಟ ನೀಲಿ ಕುಪ್ಪಸ ತೊಟ್ಟು ನೀನು. ಕೆಳಗೆ ಅವರ ಟ್ರಸ್ಟಿನ ಹೆಸರು, ‘ಪರಿಸರ ಆರೋಗ್ಯ ಸಂಶೋಧನೆ ಮತ್ತು ತರಬೇತಿಗೆ ನಮ್ಮ ನೆರವು’ ಎಂಬ ಸಾಲು. ನಾನು ನೋಡುತ್ತಾ ನಿಂತದ್ದನ್ನು ಕಂಡು ಮ್ಯಾನೇಜರ್ ನಕ್ಕರು.

“ನಿಮ್ಮ ನಾದಿನಿ ಈಗ ನಮ್ಮ ಹುಡುಗಿನೇ ಅಲ್ವಾ. ನಾವೇ ಓದಿಸ್ತಿರೋದು.”

ಸರಕಾರದ ಸ್ಕಾಲರ್‌ಶಿಪ್ಪು ಎಂದು ನೀನು ಮನೆಯಲ್ಲಿ ಹೇಳಿದ್ದೆಯಲ್ಲ? ನನ್ನ ಮಗಳ ರಕ್ತ ತರಿಸಿಕೊಂಡು ಯಾರ ಕೈಗೆ ಕೊಟ್ಟೆ? ಫಲಿತಾಂಶ ಯಾಕೆ ಬರಲಿಲ್ಲ ಎಂಬುದು ಈಗ ಅರ್ಥವಾಗುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಉತ್ತರ ಬರೆಯುವುದಾದರೆ ನಿಜ ಬರೆ. ಇಲ್ಲವಾದರೆ ಬೇಡ.

ಅತ್ತಿಗೆ


ಆಗಸ್ಟ್ 29

ನಾದಿನಿಗೆ,

ನಿನ್ನಿಂದ ಒಂದು ಸಾಲೂ ಇಲ್ಲ. ನನಗೆ ಬರೆಯಲಿಲ್ಲ ಎನ್ನಬೇಕು, ಏಕೆಂದರೆ ನಿನ್ನ ಅಣ್ಣನಿಗೆ ಬರೆದಿದ್ದೀಯ. ಅವರ ಅಂಗಿಯ ಜೇಬಿನಲ್ಲಿ ಒಂದು ಖಾಲಿ ಲಕೋಟೆ ಸಿಕ್ಕಿತು. ಮೇಲೆ ನಿನ್ನ ಅಕ್ಷರ, ಕಾರ್ಖಾನೆಯ ವಿಳಾಸ. ಒಳಗಿನ ಕಾಗದ ಎಲ್ಲಿ ಹೋಯಿತೋ. ಕೇಳಿದೆ. ‘ಏನೋ ಸರ್ಟಿಫಿಕೇಟಿನ ವಿಚಾರ’ ಎಂದು ಮುಖ ತಿರುಗಿಸಿದರು. ಸುಳ್ಳು ಹೇಳುವಾಗ ಅಣ್ಣ ತಂಗಿ ನಿಮ್ಮಿಬ್ಬರಿಗೂ ಕಿವಿ ಕೆಂಪಾಗುತ್ತದೆ.

ಆ ಕಾಗದ ಬಂದಾಗಿನಿಂದ ಮನುಷ್ಯ ಬೇರೆಯೇ ಆಗಿದ್ದಾರೆ. ಸಂಜೆ ತಡವಾಗಿ ಬರುತ್ತಾರೆ. ಬರುವಾಗಲೇ ಸ್ನಾನವಾಗಿರುತ್ತದೆ, ತಲೆ ಒದ್ದೆ, ಮೈಮೇಲೆ ಒಗೆದ ಬಟ್ಟೆ. ಮೈಯಿಂದ ಬರುವ ಸೋಪಿನ ವಾಸನೆ ನಮ್ಮ ಮನೆಯದಲ್ಲ. ಕೆಲಸದ ಬಟ್ಟೆ ಮನೆಗೆ ಬರುವುದೇ ನಿಂತಿದೆ. ‘ಅಲ್ಲೇ ಇಡಬೇಕು ಅಂತ ಹೊಸ ರೂಲು’ ಎಂದರು. ಎದುರು ಮನೆಯವಳ ಗಂಡನೂ ಇವರ ಹಾಗೆ ಸೀಸ ಕರಗಿಸುವ ಕುಲುಮೆಯಲ್ಲೇ ದುಡಿಯುವವನು. ಅವಳನ್ನು ಕೇಳಿದೆ. ಅಂಥ ರೂಲು ಅವಳು ಕೇಳಿಯೇ ಇಲ್ಲ. ನನ್ನನ್ನು ಒಂದು ಥರ ನೋಡಿ, ‘ಗಂಡಸರ ಮೇಲೆ ಒಂದು ಕಣ್ಣಿಡಬೇಕು ಕಣೇ’ ಎಂದಳು.

ಅದಕ್ಕಿಂತ ಹೆಚ್ಚು ಚುಚ್ಚುವುದು ಇದು: ಗುಬ್ಬಚ್ಚಿ ಓಡಿಹೋಗಿ ಕಾಲು ತಬ್ಬಿದರೆ ಬಿಡಿಸಿಕೊಳ್ಳುತ್ತಾರೆ. ಎತ್ತಿಕೊಳ್ಳುವುದಿಲ್ಲ. ನಿನ್ನೆ ಅವಳು ಮೂಲೆಯಲ್ಲಿ ಕೂತು “ಅಪ್ಪಂಗೆ ನಾನು ಬೇಡ್ವಾ?” ಎಂದು ಕೇಳಿದಳು. ಏನೆಂದು ಹೇಳಲಿ?

ನೀವಿಬ್ಬರೂ ಸೇರಿ ಏನು ಬೇಯಿಸುತ್ತಿದ್ದೀರಿ? ಬೇರೆ ಯಾವಳಾದರೂ ಇದ್ದರೆ, ನಿನಗೆ ಗೊತ್ತಿದ್ದರೆ, ಈಗಲೇ ಹೇಳಿಬಿಡು. ನನ್ನ ಮಿಷನ್ನು ಇದೆ, ಮಗಳಿದ್ದಾಳೆ. ನಾನು ಬೀದಿಗೆ ಬೀಳುವವಳಲ್ಲ.

ಗುಬ್ಬಚ್ಚಿಯ ಅಮ್ಮ


ಸೆಪ್ಟೆಂಬರ್ 3

ಅತ್ತಿಗೆ,

ನಿಮ್ಮ ಕಾಗದ ಓದಿ ಕ್ಲಾಸಿಗೆ ಹೋಗಲಾಗಲಿಲ್ಲ.

ಟ್ರಸ್ಟಿನ ವಿಚಾರ ನಿಜ. ನನಗೂ ಇಲ್ಲಿಗೆ ಬಂದ ಮೇಲೆಯೇ ತಿಳಿದದ್ದು. ಅರ್ಜಿಯಲ್ಲಿ ಸರಕಾರದ ಮುದ್ರೆ ಇತ್ತು, ಹಿಂದೆ ನಿಂತು ದುಡ್ಡು ಕೊಡುವವರು ಕಾರ್ಖಾನೆಯವರು. ಬಿಟ್ಟು ಬರಲು ಹೊರಟಿದ್ದೆ. ಮೇಡಂ ತಡೆದರು. “ಅವರ ದುಡ್ಡಲ್ಲಿ ಕಲಿ, ಅವರ ಮಾತು ಮಾತ್ರ ಕೇಳಬೇಡ” ಎಂದರು. ನಿಮಗೆ ಹೇಳಲು ನಾಚಿಕೆಯಾಯಿತು, ಮುಚ್ಚಿಟ್ಟೆ. ಗುಬ್ಬಚ್ಚಿಯ ರಕ್ತ, ನಮ್ಮ ಮನೆಯ ಧೂಳು ಮೇಡಂ ಲ್ಯಾಬಿನಿಂದ ಹೊರಗೆ ಹೋಗಿಲ್ಲ. ಇದನ್ನು ಗುಬ್ಬಚ್ಚಿಯ ತಲೆ ಮುಟ್ಟಿ ಹೇಳುವ ಹಾಗೆ ಹೇಳುತ್ತೇನೆ.

ಅಣ್ಣನ ಮೇಲೆ ಸಂಶಯ ಬೇಡ. ಇನ್ನೇನೂ ನಾನು ಬರೆಯುವ ಹಾಗಿಲ್ಲ, ಅವನಿಗೆ ಮಾತು ಕೊಟ್ಟಿದ್ದೇನೆ. ಸ್ವಲ್ಪ ದಿನ ತಾಳಿ. ಅವನು ಮಾಡುತ್ತಿರುವುದೆಲ್ಲ ಮನೆಯ ಒಳ್ಳೆಯದಕ್ಕೇ.

ನಿಮ್ಮ ನಾದಿನಿ


ಸೆಪ್ಟೆಂಬರ್ 14

ನಾದಿನಿಗೆ,

‘ಮಾತು ಕೊಟ್ಟಿದ್ದೇನೆ’ ಎಂದು ನೀನು ಬರೆದ ಮೇಲೆ ನಾನು ತಾಳುತ್ತೇನೆ ಎಂದುಕೊಂಡೆಯಾ? ಉರಿಯುವ ಒಲೆಗೆ ಎಣ್ಣೆ ಹಾಕಿ ತಣ್ಣಗಿರು ಎಂದ ಹಾಗಾಯಿತು.

ಶಿಫ್ಟು ಬಿಡುವ ಹೊತ್ತಿಗೆ ಗುಬ್ಬಚ್ಚಿಯನ್ನು ಎದುರು ಮನೆಯಲ್ಲಿ ಬಿಟ್ಟು, ಹೊಲಿದ ಬಟ್ಟೆ ಕೊಡಲು ಹೊರಟವಳಂತೆ ಚೀಲ ಹಿಡಿದು ಗೇಟಿನ ಹತ್ತಿರ ನಿಂತೆ. ಅವರು ಹೊರಗೆ ಬಂದರು. ಮನೆಯ ದಾರಿ ಬಿಟ್ಟು ಬಸ್ ನಿಲ್ದಾಣದ ಹಿಂದಿನ ಓಣಿಗೆ ತಿರುಗಿದರು. ನಾನೂ ತಿರುಗಿದೆ. ಓಣಿಯ ಕೊನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವವಳ ಅಂಗಳ. ಬಾಗಿಲಲ್ಲಿ ನಿಂತು ಕರೆಯಲೂ ಇಲ್ಲ, ಸ್ವಂತ ಮನೆಯಂತೆ ಒಳಗೆ ಹೋದರು. ಚಿಕ್ಕ ವಯಸ್ಸಿನ ಹೆಂಗಸು ಟವೆಲು ತಂದು ಕೊಟ್ಟಳು. ಏನೋ ಅಂದಳು, ನಿನ್ನ ಅಣ್ಣ ನಕ್ಕರು. ಮನೆಯಲ್ಲಿ ಅವರು ನಕ್ಕು ಎಷ್ಟು ದಿನವಾಗಿತ್ತೋ.

ನೇರ ಒಳಗೆ ನಡೆದು ಅಂಗಳದ ನಡುವೆ ನಿಂತೆ. ಅವರು ತಗಡಿನ ಮರೆಯ ಹಿಂದೆ ನೀರು ಹೊಯ್ದುಕೊಳ್ಳುತ್ತಿದ್ದರು. ನಾನು ಕೂಗಲಿಲ್ಲ. “ಹೊರಗೆ ಬನ್ನಿ” ಎಂದೆ, ಅಷ್ಟೇ. ತಲೆಯ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಬಂದರು. ನನ್ನನ್ನು ನೋಡಿ ಒಗೆಯುವ ಕಲ್ಲಿನ ಮೇಲೆ ಕೂತರು.

“ನಿಂಗೆ ಹೇಳಬೇಡ ಅಂತ ತಂಗಿ ಹತ್ರ ನಾನೇ ಅಂಗಲಾಚಿದೆ,” ಎಂದರು. “ಗುಬ್ಬಚ್ಚಿ ರಕ್ತದಲ್ಲಿರೋ ಸೀಸ ಹೊಗೆಕೊಳವೆಯಿಂದ ಬಂದಿದ್ದಲ್ಲ ಕಣೇ. ಹೊಸ್ತಿಲಲ್ಲಿ, ಮೊಳೆ ಕೆಳಗೆ ಸಿಕ್ತಂತೆ. ನನ್ನ ಬಟ್ಟೆಯಿಂದ ಬಂದಿದ್ದು. ನನ್ನ ಮಗಳಿಗೆ ನಾನೇ ದಿನಾ ವಿಷ ತಂದು ಕೊಟ್ಟಿದ್ದೀನಿ. ನಿನ್ನ ಮುಖ ಹೆಂಗೆ ನೋಡ್ಲಿ, ಅವಳನ್ನ ಹೆಂಗೆ ಎತ್ಕೊಳ್ಳಲಿ?”

ಬೇರೆ ಹೆಣ್ಣಿದ್ದರೆ ಚೆನ್ನಾಗಿತ್ತು ಎನಿಸಿತು ಆ ಕ್ಷಣ. ಜಗಳವಾಡಬಹುದಿತ್ತು. ಇದಕ್ಕೆ ಯಾರ ಮೇಲೆ ಜಗಳವಾಡಲಿ? ಮಗಳು ಓಡಿ ಬಂದು ತಬ್ಬಿದಾಗೆಲ್ಲ ಎಷ್ಟು ಚಂದ ಎಂದು ನೋಡುತ್ತಾ ನಿಂತವಳು ನಾನು.

ಇನ್ನು ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಿನ್ನ ಅಣ್ಣ ಒಬ್ಬರೇ ಅಲ್ಲ. ಒಳ್ಳೆಯದಾಗಲಿ ಎಂದು ಕುಲುಮೆಯ ಗೆಳೆಯರಿಗೂ ಗುಟ್ಟಾಗಿ ಹೇಳಿದ್ದಾರೆ. ನಾಲ್ಕೈದು ಜನರ ಕೆಲಸದ ಬಟ್ಟೆ ಆ ಅಂಗಳದಲ್ಲಿ ರಾಶಿ ಬಿದ್ದಿತ್ತು. ರಾಶಿಯ ಮೇಲೆ ಒಂದು ಕೂಸು ಅಂಬೆಗಾಲಿಡುತ್ತಿತ್ತು. ಹಲ್ಲು ಬರುವ ವಯಸ್ಸು. ನಿನ್ನ ಅಣ್ಣನ ಅಂಗಿಯ ತೋಳನ್ನು ಬಾಯಲ್ಲಿಟ್ಟು ಚೀಪುತ್ತಿತ್ತು.

ನಾನು ಕೂಸಿನ ಬಾಯಿಂದ ತೋಳು ಎಳೆದುಕೊಂಡೆ. ಅದು ಅತ್ತಿತು. “ಮಗುನ ಈ ಬಟ್ಟೆ ಹತ್ರ ಬಿಡಬೇಡಮ್ಮ” ಎಂದೆ. ಆ ಹೆಂಗಸು ನನ್ನನ್ನೂ ಒದ್ದೆ ಮೈಯ ನನ್ನ ಗಂಡನನ್ನೂ ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಏನೆಂದುಕೊಂಡಳು ಎಂಬುದು ನನಗೆ ಗೊತ್ತು. ಬಿಡಿಸಿ ಹೇಳುವ ಧೈರ್ಯ ನನಗೆ ಆಗಲಿಲ್ಲ.

ನಮ್ಮ ಮನೆಯ ವಿಷವನ್ನು ಗುಡಿಸಿ ಇನ್ನೊಬ್ಬರ ಮನೆಗೆ ಹಾಕಿದ್ದೇವೆ. ಇದೇನು ನೀನು ಕಲಿತ ವಿದ್ಯೆ?

ಅತ್ತಿಗೆ


ಸೆಪ್ಟೆಂಬರ್ 22

ಅತ್ತಿಗೆ,

ನಾನು ಆ ಕೂಸಿನ ಬಗ್ಗೆ ಯೋಚಿಸಿರಲಿಲ್ಲ. ಹೊರಗೆ ಸ್ನಾನ ಮಾಡು, ಬಟ್ಟೆ ಮನೆಗೆ ತರಬೇಡ ಎಂದಷ್ಟೇ ಅಣ್ಣನಿಗೆ ಬರೆದಿದ್ದೆ. ಎಲ್ಲಿ ಎಂದು ಕೇಳಲಿಲ್ಲ. ನಿಮ್ಮ ಕಾಗದ ಮೇಡಂಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಆ ಕೂಸಿನ ವಯಸ್ಸು ಕೇಳಿದರು.

ನಿಮಗೆ ಯಾಕೆ ಹೇಳಲಿಲ್ಲ ಎಂಬುದಕ್ಕೆ ಅಣ್ಣನ ಮಾತು ಒಂದೇ ಕಾರಣವಲ್ಲ. ಹೇಳಿದ ಮರುದಿನವೇ ನೀವು ಕಾರ್ಖಾನೆಯ ಗೇಟಿಗೆ ಹೋಗುತ್ತೀರಿ ಎಂದು ಹೆದರಿದೆ. ಟ್ರಸ್ಟಿನವರಿಗೆ ಸುಳಿವು ಸಿಕ್ಕರೆ ಉಳಿದ ಮನೆಗಳ ಪರೀಕ್ಷೆ ನಿಲ್ಲುತ್ತಿತ್ತು. ಗುಬ್ಬಚ್ಚಿಯ ರಕ್ತದಲ್ಲಿ ಇರಬಾರದ್ದು ಬಹಳವೇ ಇದೆ. ಆದರೆ ಇನ್ನು ಮೈಗೆ ಸೇರದಿದ್ದರೆ ಮೆಲ್ಲಗೆ ಇಳಿಯುತ್ತದೆ. ಡಾಕ್ಟರನ್ನು ಬಿಡಬೇಡಿ.

ಆ ಕೂಸಿನ ರಕ್ತವನ್ನೂ ನರ್ಸಮ್ಮನಿಂದ ತೆಗೆಸಿ ಕಳಿಸಿ. ಲಸಿಕೆ ಹಾಕುವಾಗ ತೆಗೆದರೆ ತಾಯಿಗೆ ಗಾಬರಿಯಾಗದು. ಫಲಿತಾಂಶ ಬರುವವರೆಗೆ ಅವಳಿಗೆ ಏನೂ ಹೇಳಬೇಡಿ. ಅಣ್ಣನೂ ಗೆಳೆಯರೂ ಬಟ್ಟೆ ಅಲ್ಲಿ ಹಾಕುವುದನ್ನು ಇವತ್ತೇ ನಿಲ್ಲಿಸಲಿ.

ನಿಮ್ಮ ನಾದಿನಿ


ಅಕ್ಟೋಬರ್ 17

ಅತ್ತಿಗೆ,

ಕೂಸಿನ ಫಲಿತಾಂಶ ಬಂತು. ಗುಬ್ಬಚ್ಚಿಗಿಂತ ಹೆಚ್ಚಿದೆ. ಒಂದು ವರ್ಷವೂ ತುಂಬದ ಮೈ, ಅದಕ್ಕೇ.

ನಿನ್ನೆ ಟ್ರಸ್ಟಿನವರ ಮುಂದೆ ನನ್ನ ವರದಿ ಓದಿದೆ. ಕುಲುಮೆಯವರ ಮನೆಗಳ ಹೊಸ್ತಿಲಲ್ಲಿ ಸೀಸ, ಬೇರೆ ಕೆಲಸದವರ ಮನೆಯಲ್ಲಿ ಅಷ್ಟಿಲ್ಲ. ಬಟ್ಟೆಯೇ ದಾರಿ, ಕಾರ್ಖಾನೆ ಬಚ್ಚಲು ಕಟ್ಟಿಸಿ ಬಟ್ಟೆ ತಾನೇ ಒಗೆಸಿದರೆ ನಿಲ್ಲುತ್ತದೆ ಎಂದೆ. ಒಬ್ಬರು ಬಹಳ ನಯವಾಗಿ, ‘ಮನೆಗಳ ಸ್ವಚ್ಛತೆಯ ಕೊರತೆ’ ಎಂದು ಒಂದು ಸಾಲು ಸೇರಿಸಿ, ಬಟ್ಟೆಯ ಭಾಗ ಬಿಡಿ ಎಂದರು. ನೀವು ಒದ್ದೆ ಬಟ್ಟೆಯಿಂದ ಒರೆಸಿದ ನೆಲ ನೆನಪಾಯಿತು. ಸೇರಿಸುವುದಿಲ್ಲ ಎಂದೆ. ಇವತ್ತು ಬೆಳಗ್ಗೆ ನನ್ನ ಸ್ಕಾಲರ್‌ಶಿಪ್ಪು ನಿಂತಿದೆ ಎಂದು ತಿಳಿಸಿದರು. ಉಂಡ ಮನೆಗೆ ಎರಡು ಬಗೆದವಳು ಎಂದು ಒಬ್ಬರು ಅಂದದ್ದೂ ಕಿವಿಗೆ ಬಿತ್ತು. ಹಾಸ್ಟೆಲು ಬಿಟ್ಟು ಮೇಡಂ ಮನೆಯ ಮಹಡಿಗೆ ಬಂದಿದ್ದೇನೆ. ತರಬೇತಿ ಮುಗಿಸಿಯೇ ಹೊರಡುತ್ತೇನೆ.

ಒಂದೇ ಕೋರಿಕೆ. ಕೂಸಿನ ತಾಯಿಗೆ ನಾನೇ ಬಂದು ಹೇಳುತ್ತೇನೆ. ಹೇಗೆ ಹೇಳಬೇಕೆಂಬುದನ್ನೂ ಇಲ್ಲಿ ಕಲಿಸಿದ್ದಾರೆ. ಮುಂದಿನ ತಿಂಗಳವರೆಗೆ ತಡೆಯಿರಿ.

ನಿಮ್ಮ ನಾದಿನಿ


ಅಕ್ಟೋಬರ್ 24

ಟೀಚರಮ್ಮನಿಗೆ,

ತಡೆಯಲಿಲ್ಲ. ನಿನ್ನ ಕಾಗದ ಬಂದದ್ದು ನಿನ್ನೆ, ನಾನು ಹೋದದ್ದು ಇವತ್ತು ಬೆಳಗ್ಗೆ. ನಿನ್ನ ಹಾಗೆ ಹೇಳುವುದು ನನಗೆ ಯಾರೂ ಕಲಿಸಿಲ್ಲ. ಅವಳು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ಹತ್ತಿರ ಕೂತು, ಗುಬ್ಬಚ್ಚಿಯ ಹೊಟ್ಟೆನೋವಿನಿಂದ ಹಿಡಿದು ಅವಳ ಕೂಸಿನ ರಕ್ತದವರೆಗೆ ಹೇಳಿದೆ. ಲಸಿಕೆಯ ದಿನ ರಕ್ತ ತೆಗೆದದ್ದು ಅದಕ್ಕೇ ಎಂದೂ ಹೇಳಿದೆ.

ಅವಳು ಅಳಲಿಲ್ಲ. “ಅಕ್ಕಾ, ನಿಮಗೆ ಯಾವಾಗಿಂದ ಗೊತ್ತು?” ಎಂದು ಕೇಳಿದಳು.

“ಅನುಮಾನ ಬಂದು ತಿಂಗಳ ಮೇಲಾಯ್ತು. ಖಾತ್ರಿ ಆಗಿದ್ದು ನಿನ್ನೆ.”

“ಅವತ್ತು ನೀವು ಗಂಡನ ಮೇಲಿನ ಸಂಶಯಕ್ಕೆ ಹಂಗೆ ಅಂದ್ರಿ ಅಂದ್ಕೊಂಡೆ. ಮಗು ವಿಷಯ ಅಂತ ಒಂದು ಮಾತು ಹೇಳಿದ್ರೆ ನಾನು ಬೇರೆಯವರ ಬಟ್ಟೆನೂ ಮುಟ್ತಿರಲಿಲ್ಲ.”

ನಿನ್ನ ಅಣ್ಣನ ಗೆಳೆಯರು ಬಿಟ್ಟರೂ ಬೇರೆ ಶಿಫ್ಟಿನವರು ಸುದ್ದಿ ಕೇಳಿ ಬಟ್ಟೆ ತಂದು ಹಾಕುತ್ತಲೇ ಇದ್ದರಂತೆ. ಮೂಲೆಯಲ್ಲಿ ಗಂಟು ಹಾಗೇ ಇತ್ತು. ನಿನ್ನ ಮೇಲೆ ನಾನು ಎತ್ತಿದ ಪ್ರಶ್ನೆಗಳನ್ನೆಲ್ಲ ಅವಳು ನನ್ನ ಮುಂದೆ ಇಟ್ಟಿದ್ದಳು.

ಅವಳು ಕೂಸನ್ನು ಒಳಗಿದ್ದ ತನ್ನ ತಾಯಿಯ ಕೈಗೆ ಕೊಟ್ಟು ಬಂದು, ಗಂಟಿನ ಒಂದು ತುದಿ ಹಿಡಿದಳು. “ಇನ್ನೊಂದು ತುದಿ ನೀವು ಹಿಡೀರಿ” ಎಂದಳು. ಇಬ್ಬರೂ ಹೊತ್ತು ಕಾರ್ಖಾನೆಯ ಗೇಟಿನವರೆಗೆ ನಡೆದೆವು. ಎದುರು ಮನೆಯವಳು ನೋಡಿ ಜೊತೆಗೆ ಬಂದಳು, ಅವಳ ಹಿಂದೆ ಇನ್ನಿಬ್ಬರು. ಒಳಗೆ ಹೋಗಿ ಮ್ಯಾನೇಜರ್ ಮೇಜಿನ ಮುಂದೆ ಗಂಟು ಬಿಚ್ಚಿ ಸುರಿದೆವು. ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡು ಮೂಗಿಗೆ ಕರವಸ್ತ್ರ ಹಿಡಿದರು. ಬಟ್ಟೆಯ ವಿಚಾರ ಅವರಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಗ ಖಾತ್ರಿಯಾಯಿತು.

“ಇವು ನಿಮ್ಮವು, ಇಲ್ಲೇ ಇರಲಿ” ಎಂದಳು ಕೂಸಿನ ತಾಯಿ. ನಿನ್ನ ಅಣ್ಣ ಕುಲುಮೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅಲ್ಲೇ ಅಂಗಿ ಬಿಚ್ಚಿ ರಾಶಿಯ ಮೇಲೆ ಹಾಕಿ, ಬನಿಯನ್ನಿನಲ್ಲಿ ನಿಂತರು. ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಬಿಚ್ಚಿದರು. ಬಚ್ಚಲು ಕಟ್ಟಿಸುತ್ತೇವೆ, ಬಟ್ಟೆ ಒಳಗೇ ಒಗೆಸುತ್ತೇವೆ ಎಂದು ಮ್ಯಾನೇಜರ್ ಬಾಯಲ್ಲಿ ಹೇಳಿದ್ದಾರೆ. ನಂಬಿಕೆ ಇಲ್ಲ. ಇಟ್ಟಿಗೆ ಬಂದು ಬೀಳುವವರೆಗೆ ದಿನಾ ಒಬ್ಬೊಬ್ಬರು ಹೋಗಿ ಗೇಟಿನಲ್ಲಿ ಕೂರುವುದೆಂದು ಹೆಂಗಸರೇ ಮಾತಾಡಿಕೊಂಡಿದ್ದೇವೆ. ನಿನ್ನ ಅಣ್ಣನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಸ್ಕಾಲರ್‌ಶಿಪ್ಪು ಹೋದದ್ದಕ್ಕೆ ನಾನು ಅಯ್ಯೋ ಎನ್ನುವುದಿಲ್ಲ, ನೀನು ಮಾಡಿದ್ದು ಸರಿ. ಆದರೆ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ನನ್ನ ಮಗಳ ವಿಷಯ ನನಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಿತ್ತು ಎಂಬುದು ಸುಲಭಕ್ಕೆ ಮರೆಯುವಂಥದ್ದಲ್ಲ.

ಗೇಟಿನಿಂದ ವಾಪಸು ಬರುವಾಗ ಕೂಸಿನ ತಾಯಿ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು: “ಇಷ್ಟೇನಾ ಅಕ್ಕಾ, ಇನ್ನೂ ಏನಾದ್ರೂ ಇದ್ಯಾ?” ಇಷ್ಟೇ ಎಂದೆ. ಅವಳು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ನೀನು ಬಂದಾಗ ಮೊದಲು ನಮ್ಮ ಮನೆಗೆ ಬರಬೇಡ. ಬಸ್ಸಿನಿಂದ ಇಳಿದು ನೇರ ಅವಳ ಅಂಗಳಕ್ಕೆ ಹೋಗು. ನಾನು ಅಲ್ಲೇ ಇರುತ್ತೇನೆ. ಗೊತ್ತಿರುವುದನ್ನೆಲ್ಲ, ಗೊತ್ತಿಲ್ಲದ್ದನ್ನೂ, ನಮ್ಮಿಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳು.

ನಿನ್ನ ಅತ್ತಿಗೆ